ಚಂಚಲಚಿತ್ತದ ಬಾಲ್ಯವೂ ಪ್ರೌಢಿಯೂ



ಇಂದು ನಾನು ತಮ್ಮ ಮುಂದೆ ವಿಚಾರಕ್ಕಿಡಬೇಕೆಂದಿರುವ ವಿಷಯವು, ವೈದ್ಯರು ಎಡಿಎಚ್‌ಡಿ ಎಂಬ ಸಂಕ್ಷೇಪದಿಂದ ಕರೆಯುವ, ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ‘ಒಂದು ಕಡೆ ಕೂರುವವನಲ್ಲ’, ‘ಕಾಲಿನಲ್ಲಿ ಚಕ್ರವಿದೆ’, ‘ಬುದ್ಧಿಯೇನೋ ಇದೆ, ಗಮನವಿಲ್ಲ’ ಎಂಬ ಮಾತುಗಳಲ್ಲಿ ಅನುದಿನವೂ ಪ್ರಸ್ತಾಪಕ್ಕೆ ಬರುವ, ಬಾಲ್ಯದಲ್ಲಿ ತಲೆದೋರಿ ಬಹುಮಂದಿಯಲ್ಲಿ ನಡುವಯಸ್ಸಿನವರೆಗೂ ಜೊತೆಬಿಡದೆ ಬರುವ ಒಂದು ತೊಡಕು. ಸೌಕರ್ಯಕ್ಕಾಗಿ ಇದನ್ನು ಅವಧಾನದೋಷವೆಂದು ಕರೆಯುತ್ತೇನೆ. ಗಮನವು ನಿಲ್ಲದಿರುವುದು, ದೇಹವು ಸುಮ್ಮನಿರಲಾರದಿರುವುದು, ವಿವೇಚನೆಗೆ ಮುಂಚೆಯೇ ಕೈಯೂ ಬಾಯೂ ಮುನ್ನುಗ್ಗುವುದು ಎಂಬ ಮೂರು ಲಕ್ಷಣಗಳು ಇದರಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ. ಇದರ ವಿಷಯದಲ್ಲಿ ನನಗಿರುವ ಅಭಿಪ್ರಾಯವನ್ನು ಮೊದಲೇ ನಿವೇದಿಸಿಬಿಡುವುದು ಒಳ್ಳೆಯದು. ಶಾಸ್ತ್ರಜ್ಞರೂ ಶಿಕ್ಷಕರೂ ಮನೆಯವರೂ ಈ ದೋಷವನ್ನು ಇದುವರೆಗೆ ಅಳೆದುಕೊಂಡು ಬಂದಿರುವುದು ಅದು ಪಕ್ಕದಲ್ಲಿರುವವರಿಗೆ ಕೊಡುವ ಕಾಟದ ಮಾನದಿಂದ. ಅದನ್ನು ಹೊತ್ತು ಬಾಳುವ ವ್ಯಕ್ತಿಯು ಪಡುವ ಕ್ಲೇಶವು ಆ ಅಳತೆಯೊಳಕ್ಕೆ ಬಂದದ್ದು ಬಹಳ ತಡವಾಗಿ. ಮಗುವು ಗದ್ದಲವನ್ನು ನಿಲ್ಲಿಸಿದ ದಿನವೇ ದೋಷವೂ ನಿಂತಿತೆಂದು ನಾವು ನಂಬಿದ್ದಕ್ಕೆ ಕಾರಣವು ಈ ಮಾನದಂಡವಲ್ಲದೆ ಬೇರೆಯಲ್ಲ.

ಮನಸ್ಸು ಚಂಚಲವೆಂಬುದು ನಮ್ಮ ದೇಶಕ್ಕೆ ಹೊರಗಿನವರು ಬಂದು ತಿಳಿಸಬೇಕಾದ ಸಂಗತಿಯಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಮನೋನಿಗ್ರಹವು ಗಾಳಿಯನ್ನು ಹಿಡಿಯುವಷ್ಟೇ ದುಷ್ಕರವೆಂದು ಮೊರೆಯಿಡುತ್ತಾನೆ. ಯೋಗಸೂತ್ರಗಳ ಭಾಷ್ಯಕಾರರಾದ ವ್ಯಾಸರು ಚಿತ್ತದ ಭೂಮಿಗಳನ್ನು ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧವೆಂದು ಐದಾಗಿ ವಿಂಗಡಿಸುತ್ತಾರೆ. ನಮ್ಮ ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯ ಮೇಲಣ ಕೋತಿಗೆ ಹೋಲಿಸಿಕೊಂಡರು. ಈ ಪರಂಪರೆಯು ಬಹು ದೊಡ್ಡದು. ಆದರೆ ಅದರಿಂದ ನಮಗೆ ಅರಿವಿಲ್ಲದಂತೆ ಒಂದು ತಪ್ಪು ಗ್ರಹಿಕೆಯೂ ಉಂಟಾಗಿದೆ. ಚಾಂಚಲ್ಯವು ಸರ್ವಸಾಧಾರಣವೆಂದೂ, ಅಭ್ಯಾಸ ವೈರಾಗ್ಯಗಳಿಂದ ಅದನ್ನು ಯಾರು ಬೇಕಾದರೂ ಗೆಲ್ಲಬಹುದೆಂದೂ ಕಲಿತ ನಾವು, ಗೆಲ್ಲಲಾರದವನನ್ನು ಕಂಡಾಗ ಅವನಲ್ಲಿ ಅಭ್ಯಾಸವಿಲ್ಲ, ಛಲವಿಲ್ಲ, ಶ್ರದ್ಧೆಯಿಲ್ಲವೆಂದು ತೀರ್ಮಾನಿಸಿಬಿಡುತ್ತೇವೆ. ‘ಎಲ್ಲರ ಮನಸ್ಸೂ ಹಾಗೆಯೇ ಅಲ್ಲವೇ?’ ಎಂಬ ಮಾತು ಸಮಾಧಾನದ ಮಾತಿನಂತೆ ಕೇಳುತ್ತದೆ. ಎಲ್ಲರಿಗೂ ಒಮ್ಮೊಮ್ಮೆ ಉಸಿರು ಕಟ್ಟುತ್ತದೆಯೆಂದು ಉಬ್ಬಸದವನಿಗೆ ಹೇಳಿದರೆ ಆಗುವ ಉಪಕಾರವೇ ಅದರಿಂದಲೂ ಆಗುತ್ತದೆ. ಋಷಿಗಳು ವರ್ಣಿಸಿದ್ದು ಮನುಷ್ಯಮಾತ್ರರ ಸ್ವಭಾವವನ್ನು. ನಾವು ಇಲ್ಲಿ ಚರ್ಚಿಸುತ್ತಿರುವುದು ಆ ಸ್ವಭಾವವು ಕೆಲವರಲ್ಲಿ ಓದು, ಉದ್ಯೋಗ, ಬಾಂಧವ್ಯಗಳನ್ನೇ ಕೆಡಿಸುವ ಮಟ್ಟಕ್ಕೆ ಏರುವುದನ್ನು.

ಪಾಶ್ಚಾತ್ಯರೂ ಈ ವಿಷಯದಲ್ಲಿ ನಮಗಿಂತ ಬೇಗ ಎಚ್ಚೆತ್ತುಕೊಂಡವರೇನೂ ಅಲ್ಲ. ಜರ್ಮನ್ ವೈದ್ಯನಾದ ವೈಕಾರ್ಡನು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿಯೂ, ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಕ್ರೈಟನ್ನನು 1798ರಲ್ಲಿಯೂ ಅವಧಾನವು ನಿಲ್ಲದ ವ್ಯಕ್ತಿಗಳನ್ನು ಕುರಿತು ಬರೆದರು. ಅವರ ಬರಹಗಳು ಮೂಲೆಯಲ್ಲಿ ಬಿದ್ದವು. ಲೋಕದ ಗಮನವನ್ನು ಸೆಳೆದದ್ದು 1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ಸಂಸ್ಥೆಯಲ್ಲಿ ಜಾರ್ಜ್ ಸ್ಟಿಲ್ ಎಂಬ ಶಿಶುವೈದ್ಯರು ಕೊಟ್ಟ ಉಪನ್ಯಾಸಗಳು. ಬುದ್ಧಿಮಾಂದ್ಯವಿಲ್ಲದೆಯೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ಅವರು ಸೂಕ್ಷ್ಮವಾಗಿ ಬಣ್ಣಿಸಿದರು; ಆದರೆ ಅದಕ್ಕೆ ಅವರು ಕೊಟ್ಟ ಹೆಸರು ನೈತಿಕ ನಿಯಂತ್ರಣದ ದೋಷವೆಂಬುದಾಗಿತ್ತು. ಪೂರ್ವದವರು ವೈರಾಗ್ಯದ ಕೊರತೆಯೆಂದರೆ ಪಶ್ಚಿಮದವರು ನೀತಿಯ ಕೊರತೆಯೆಂದರು. ಎರಡು ಕಡೆಯಲ್ಲಿಯೂ ಅಪರಾಧವು ಮಗುವಿನದೇ. ಮೊದಲನೆಯ ಮಹಾಯುದ್ಧದ ಕಾಲದಿಂದ ಸುಮಾರು ಹತ್ತು ವರ್ಷ ಹಬ್ಬಿದ ಮೆದುಳುಜ್ವರವೊಂದರಿಂದ ಬದುಕಿ ಉಳಿದ ಮಕ್ಕಳು ತೀರ ಚಡಪಡಿಕೆಯವರಾದುದನ್ನು ಕಂಡ ಮೇಲೆಯೇ ಇದಕ್ಕೆ ಮಿದುಳಿನ ಸಂಬಂಧವಿರಬಹುದೆಂಬ ಅನುಮಾನವು ಬಲಿತದ್ದು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು, ಉತ್ತೇಜಕ ಔಷಧವೊಂದು ಇಂತಹ ಕೆಲವು ಮಕ್ಕಳನ್ನು ಉದ್ರೇಕಿಸುವುದಕ್ಕೆ ಬದಲಾಗಿ ಪಾಠದಲ್ಲಿ ನೆಲೆಗೊಳಿಸಿತೆಂದು ಪ್ರಕಟಿಸಿದರು.

ಆಮೇಲಿನ ವರ್ಗೀಕರಣದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯು 1968ರಲ್ಲಿ ಇದನ್ನು ಬಾಲ್ಯದ ಅತಿಚಟುವಟಿಕೆಯ ಪ್ರತಿಕ್ರಿಯೆಯೆಂದು ಕರೆಯಿತು, ಅಂದರೆ ಕಣ್ಣಿಗೆ ಕಾಣುವ ಓಡಾಟವನ್ನೇ ರೋಗವೆಂದಿತು. ಕೆನಡಾದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಡಗ್ಲಸ್ ಮೊದಲಾದವರು ತೊಡಕಿನ ಮೂಲವು ಓಡಾಟಕ್ಕಿಂತ ಅವಧಾನದಲ್ಲಿದೆಯೆಂದು ವಾದಿಸಿದ ಫಲವಾಗಿ 1980ರ ಆವೃತ್ತಿಯಲ್ಲಿ ಗಮನದ ಕೊರತೆಗೆ ಅಗ್ರಸ್ಥಾನವು ದೊರೆಯಿತು. ಈಗಿನ ಹೆಸರು ಬಂದದ್ದು 1987ರಲ್ಲಿ. ಲಕ್ಷಣಗಳು 7 ವರ್ಷದೊಳಗೇ ತೋರಿರಬೇಕೆಂಬ ನಿಯಮವನ್ನು 12 ವರ್ಷಕ್ಕೆ ಸಡಿಲಿಸಿ, ವಯಸ್ಕರಿಗೆ 6 ಲಕ್ಷಣಗಳ ಬದಲು 5 ಸಾಕೆಂದು ಒಪ್ಪಿಕೊಂಡದ್ದು 2013ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಂತೂ ತನ್ನ ಹನ್ನೊಂದನೆಯ ಪರಿಷ್ಕರಣದವರೆಗೆ, ಎಂದರೆ ಅದು ಜಾರಿಗೆ ಬಂದ 2022ರವರೆಗೆ, ಅತಿಚಲನೆಯ ಹೆಸರನ್ನೇ ಹಿಡಿದುಕೊಂಡಿತ್ತು. ಮೊದಲು ಬೆಂಚಿನಿಂದ ಎದ್ದು ಓಡುವವನು, ಆಮೇಲೆ ಬೆಂಚಿನಲ್ಲಿಯೇ ಕುಳಿತು ಎಲ್ಲಿಗೋ ಹೋಗಿಬಿಡುವವನು, ಕಟ್ಟಕಡೆಗೆ ಬೆಂಚನ್ನು ಬಿಟ್ಟು ಇಪ್ಪತ್ತು ವರ್ಷವಾದವನು: ಶಾಸ್ತ್ರದ ಕಣ್ಣಿಗೆ ಇವರು ಬಿದ್ದದ್ದು ಈ ಕ್ರಮದಲ್ಲಿ.

ಈ ದೋಷದಲ್ಲಿ ನಿಜವಾಗಿ ಏನು ಕೆಡುತ್ತದೆ ಎಂಬುದನ್ನು ಅರಿಯಲು ಕನ್ನಡಿಗರಿಗೆ ಒಂದು ಅನುಕೂಲವುಂಟು. ಶತಾವಧಾನಿ ಗಣೇಶರ ದೆಸೆಯಿಂದ ನಮ್ಮ ಕಾಲದಲ್ಲಿ ಮತ್ತೆ ಚಿಗುರಿದ ಅಷ್ಟಾವಧಾನವನ್ನು ತಮ್ಮಲ್ಲಿ ಅನೇಕರು ನೋಡಿದ್ದೀರಿ. ನಿಷೇಧಾಕ್ಷರಿಯವರು ಹೆಜ್ಜೆಹೆಜ್ಜೆಗೂ ಒಂದೊಂದು ಅಕ್ಷರವನ್ನು ತಡೆಯುತ್ತಾರೆ. ದತ್ತಪದಿಯವರು ಒಲ್ಲದ ಪದಗಳನ್ನು ತಂದು ಒಡ್ಡುತ್ತಾರೆ. ಸಂಖ್ಯಾಬಂಧದವರು ನಡುನಡುವೆ ಯಾವುದೋ ಮನೆಯ ಅಂಕಿಯನ್ನು ಕೇಳುತ್ತಾರೆ. ಇವೆಲ್ಲದರ ಮಧ್ಯೆ ಅಪ್ರಸ್ತುತ ಪ್ರಸಂಗಿಯು, ಕೆಡಿಸುವುದೇ ತನ್ನ ಧರ್ಮವೆಂಬಂತೆ, ಹಾಳುಹರಟೆಯನ್ನು ಎಸೆಯುತ್ತಿರುತ್ತಾನೆ. ಅವಧಾನಿಯು ಅವನಿಗೆ ನಗುತ್ತ ಉತ್ತರವಿತ್ತು, ಬಿಟ್ಟ ಪಾದವನ್ನು ಬಿಟ್ಟ ಅಕ್ಷರದಿಂದಲೇ ಮತ್ತೆ ಎತ್ತಿಕೊಳ್ಳುತ್ತಾನೆ. ಹಿಡಿದುದನ್ನು ನೆನಪಿನಲ್ಲಿ ಧರಿಸಿರುವುದು, ಬೇಡದುದನ್ನು ತಡೆಯುವುದು, ಒಂದರಿಂದ ಇನ್ನೊಂದಕ್ಕೆ ಹೋಗಿ ಹಿಂತಿರುಗುವುದು, ಎಲ್ಲವನ್ನೂ ಕಾಲದ ಮಿತಿಯೊಳಗೆ ಮುಗಿಸುವುದು ಎಂಬ ಈ ನಾಲ್ಕು ಸಾಮರ್ಥ್ಯಗಳು ಅವಧಾನಿಯಲ್ಲಿ ಪರಾಕಾಷ್ಠೆಯಲ್ಲಿರುತ್ತವೆ; ಸಾಮಾನ್ಯರಾದ ನಮ್ಮಲ್ಲಿ ಅಡುಗೆ, ಲೆಕ್ಕ, ಪ್ರಯಾಣಗಳಿಗೆ ಸಾಲುವಷ್ಟಿರುತ್ತವೆ. ಅವಧಾನದೋಷವಿರುವವನಲ್ಲಿ ಅಷ್ಟೂ ಭರವಸೆಗೆ ಬಾರದು. ಕಿಟಕಿಯಾಚೆ ಹಾದ ಲಾರಿ, ಪಕ್ಕದವನ ಹೊಸ ರಬ್ಬರು, ತನ್ನದೇ ತಲೆಯಲ್ಲಿ ಮೂಡಿದ ಯೋಚನೆ, ಇವೆಲ್ಲವೂ ಅವನ ಪಾಲಿಗೆ ಅಪ್ರಸ್ತುತ ಪ್ರಸಂಗಿಗಳು. ಪ್ರತಿಯೊಬ್ಬನಿಗೂ ಅವನು ಉತ್ತರ ಕೊಡುತ್ತಾನೆ, ಬಿಟ್ಟ ಪಾದಕ್ಕೆ ಮಾತ್ರ ಮರಳುವುದಿಲ್ಲ.

ಇಲ್ಲಿ ತಂದೆತಾಯಿಗಳು ತಪ್ಪದೆ ಎತ್ತುವ ಆಕ್ಷೇಪವೊಂದಿದೆ: ‘ಮೊಬೈಲು ಕೊಟ್ಟರೆ ಮೂರು ಗಂಟೆ ಕದಲದೆ ಕೂರುತ್ತಾನೆ, ಪುಸ್ತಕ ಕೊಟ್ಟರೆ ಮೂರು ನಿಮಿಷವೂ ಇಲ್ಲ, ಇದು ರೋಗವೋ, ನಾಟಕವೋ?’ ಆಕ್ಷೇಪವು ನ್ಯಾಯವಾದುದೇ. ಅದಕ್ಕೆ ಉತ್ತರವೂ ಇದೆ. ಪ್ರತಿಕ್ಷಣವೂ ಹೊಸದನ್ನು ಕೊಟ್ಟು ಆ ಕ್ಷಣದಲ್ಲಿಯೇ ಪ್ರತಿಫಲವನ್ನೂ ಕೊಡುವ ವಸ್ತುವಿನ ಮುಂದೆ ಅವಧಾನವು ತಾನಾಗಿ ನಿಲ್ಲುತ್ತದೆ; ಅದನ್ನು ನಿಲ್ಲಿಸುವ ಶ್ರಮವು ಯಾರಿಗೂ ಬೇಕಾಗಿಲ್ಲ. ಫಲವು ದೂರದಲ್ಲಿದ್ದು ಕೆಲಸವು ನೀರಸವಾಗಿರುವಾಗ, ಬಯಸಿದ ಕಡೆಗೆ ಗಮನವನ್ನು ಒಯ್ದು ಅಲ್ಲಿ ಇರಿಸುವ ಶಕ್ತಿಯೇ ಈ ಮಗುವಿನಲ್ಲಿ ದುರ್ಬಲವಾಗಿರುವುದು. ಪ್ರತಿಫಲದ ನಿರೀಕ್ಷೆಗೂ ಪ್ರಯತ್ನಕ್ಕೂ ಸಂಬಂಧಿಸಿದ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ವ್ಯಾಪಾರದಲ್ಲಿ ವ್ಯತ್ಯಾಸವಿದೆಯೆಂಬುದಕ್ಕೆ ಔಷಧಗಳ ಪರಿಣಾಮವೂ ಒಂದು ಸಾಕ್ಷಿ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಿದುಳಿನ ಹೊರಪದರವು ತನ್ನ ಗರಿಷ್ಠ ದಪ್ಪವನ್ನು ಮುಟ್ಟುವ ವಯಸ್ಸು ಇತರ ಮಕ್ಕಳಲ್ಲಿ ಸುಮಾರು 7.5 ವರ್ಷವಾದರೆ ಈ ಮಕ್ಕಳಲ್ಲಿ ಸುಮಾರು 10.5 ವರ್ಷ, ಹಣೆಯ ಹಿಂದಣ ಭಾಗಗಳಲ್ಲಿ ಈ ವಿಳಂಬವು ವಿಶೇಷ, ಅಂಗಚಲನೆಯನ್ನು ಆಳುವ ಭಾಗವಾದರೋ ಸ್ವಲ್ಪ ಮುಂಚೆಯೇ ಬೆಳೆದುಬಿಡುತ್ತದೆ. ಓಡುವುದಕ್ಕೆ ಸಿದ್ಧವಾಗಿ ತಡೆಯುವುದಕ್ಕೆ ಸಿದ್ಧವಾಗದ ಮಿದುಳದು. ಇನ್ನು ಅನುವಂಶದ ಮಾತು. ಅವಳಿಜವಳಿಗಳನ್ನು ಕುರಿತ ಅಧ್ಯಯನಗಳು ಜನರೊಳಗಿನ ವ್ಯತ್ಯಾಸದ ಸುಮಾರು ಮುಕ್ಕಾಲು ಪಾಲನ್ನು ಆನುವಂಶಿಕವೆಂದು ಲೆಕ್ಕಹಾಕಿವೆ. ‘ಅವರಪ್ಪನೂ ಚಿಕ್ಕಂದಿನಲ್ಲಿ ಹೀಗೆಯೇ ಇದ್ದ’ ಎಂದು ಅಜ್ಜಿಯು ಮಗುವಿನ ಪರವಾಗಿ ಹೇಳುವ ಮಾತು, ವಕೀಲಿಯಂತೆ ಕೇಳಿದರೂ, ವೈದ್ಯನಿಗೆ ಬೇಕಾದ ಸಾಕ್ಷ್ಯವೇ ಆಗಿರುತ್ತದೆ.

ಹಾಗಾದರೆ ಇದು ನಮ್ಮ ಊರಾದ ಬೆಂಗಳೂರಿನಲ್ಲಿ ಎಷ್ಟಿದೆ? ಕನ್ನಡನಾಡಿಗೆ ಮನಶ್ಶಾಸ್ತ್ರವು ನಿನ್ನೆ ಮೊನ್ನೆ ಬಂದುದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರದ ವಿಭಾಗವು 1924ರಲ್ಲಿಯೇ ಆರಂಭವಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ನಿಮ್ಹಾನ್ಸ್ ಆಯಿತು. ವೈದ್ಯರೂ ವಿನೋದ ಸಾಹಿತಿಗಳೂ ಆಗಿದ್ದ ರಾಶಿಯವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಆದರೂ ಬೆಂಗಳೂರಿನ ಮಕ್ಕಳ ಮಾನಸಿಕ ತೊಡಕುಗಳನ್ನು ಮನೆಮನೆಗೆ ಹೋಗಿ ಎಣಿಸಿದ ವಿಸ್ತಾರವಾದ ಅಧ್ಯಯನವು ನಿಮ್ಹಾನ್ಸಿನ ವಿದ್ವಾಂಸರಿಂದ ಪ್ರಕಟವಾದದ್ದು 2005ರಲ್ಲಿ. ನಗರದ ಮಧ್ಯಮವರ್ಗ, ಕೊಳಚೆಪ್ರದೇಶ, ಹಳ್ಳಿ ಎಂಬ ಮೂರು ಕಡೆಗಳಿಂದ ಆರಿಸಿದ 16 ವರ್ಷದವರೆಗಿನ 2064 ಮಕ್ಕಳನ್ನು ಅವರು ಪರೀಕ್ಷಿಸಿದರು. 4ರಿಂದ 16 ವರ್ಷದವರಲ್ಲಿ ಶೇಕಡಾ 12ರಷ್ಟು ಮಂದಿಗೆ ಒಂದಲ್ಲ ಒಂದು ತೊಡಕಿತ್ತು. ಅತಿಚಲನೆಯ ದೋಷವು ಹೆಚ್ಚಾಗಿ ಕಂಡ ತೊಡಕುಗಳಲ್ಲೊಂದು. ಇದು ಶ್ರೀಮಂತರ ಮನೆಯ ಮಕ್ಕಳ ಕಾಯಿಲೆ, ಪೇಟೆಯ ಕಾಯಿಲೆ ಎಂಬ ನಂಬಿಕೆಗೆ ಆ ಅಧ್ಯಯನದಲ್ಲಿ ಆಧಾರವಿಲ್ಲ. ಮಾನಸಿಕ ತೊಡಕುಗಳ ಒಟ್ಟು ಪ್ರಮಾಣದಲ್ಲಿ ಮೂರು ಕಡೆಗಳ ನಡುವೆ ಗಣನೀಯವಾದ ಅಂತರವು ಕಂಡುಬರಲಿಲ್ಲ. ನನ್ನ ಮನಸ್ಸಿನಲ್ಲಿ ನಾಟಿರುವುದು ಅದರ ಎರಡು ಮಾತುಗಳು. ತಮ್ಮ ಮಗುವಿಗೆ ಏನೋ ತೊಂದರೆಯಿದೆಯೆಂದು ತಿಳಿದಿದ್ದ ಮನೆಗಳು ಶೇಕಡಾ 37.5 ಮಾತ್ರ. ಮತ್ತು, ದೈಹಿಕ ಹಿಂಸೆಗೂ ಮಕ್ಕಳ ಮಾನಸಿಕ ತೊಡಕುಗಳಿಗೂ ಗಮನಾರ್ಹವಾದ ಸಂಬಂಧವು ಕಂಡುಬಂದಿತು. ಏಟಿನಿಂದ ತೊಡಕೋ, ತೊಡಕಿನಿಂದ ಏಟೋ ಎಂಬುದನ್ನು ಇಂತಹ ಎಣಿಕೆಯು ನಿರ್ಣಯಿಸಲಾರದು. ಅವಧಾನದೋಷದ ಮಗುವಿನ ಬೆನ್ನಿನ ಮೇಲೆ ಎರಡೂ ಒಟ್ಟಿಗೆ ಬೀಳುತ್ತವೆಂಬುದನ್ನು ಅಧ್ಯಾಪಕರು ಬಲ್ಲರು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಹೊಡೆಯುವುದನ್ನೂ ಮನನೋಯಿಸುವುದನ್ನೂ ನಿಷೇಧಿಸಿದೆ. ಮನೆಯೊಳಕ್ಕೆ ಅದು ಬರುವುದಿಲ್ಲ.

ಈಗ ಒಂದು ನೋಟುಪುಸ್ತಕವನ್ನು ತೆರೆಯೋಣ. ಬೆಂಗಳೂರಿನ ಆರ್.ಟಿ. ನಗರದ ಯಾವ ಶಾಲೆಯ ನಾಲ್ಕನೆಯ ತರಗತಿಯಲ್ಲಾದರೂ ದೊರೆಯುವ ಪುಸ್ತಕವಿದು. ಮೊದಲ ಪುಟದಲ್ಲಿ ಅಕ್ಷರಗಳು ಮುತ್ತಿನಂತಿವೆ, ಅಡಿಗೆರೆ ಕೆಂಪು ಶಾಯಿಯದು. ನಾಲ್ಕನೆಯ ಪುಟಕ್ಕೆ ಅಕ್ಷರವು ವಾಲಿದೆ, ಒತ್ತಕ್ಷರಗಳು ಉದುರಿವೆ. ಹಲಗೆಯ ಮೇಲಿನ ಲೆಕ್ಕವನ್ನು ಅರ್ಧ ಇಳಿಸಿಕೊಂಡು ಬಿಟ್ಟಿದೆ, ಇಳಿಸಿದ ಅರ್ಧದಲ್ಲಿ 63 ಎಂಬುದು 36 ಆಗಿದೆ, ಆದರೆ ಆ ತಪ್ಪು ಅಂಕಿಯ ಮೇಲೆ ಮಾಡಿರುವ ಗುಣಾಕಾರವು ಸರಿಯಾಗಿದೆ. ಮಾರ್ಜಿನ್ನಿನಲ್ಲಿ ಒಂದು ವಿಮಾನವಿದೆ. ಕೆಳಗೆ ಅಧ್ಯಾಪಕರ ಷರಾ: ‘ಅಜಾಗರೂಕತೆ. ಪೋಷಕರು ಬಂದು ಕಾಣುವುದು.’ ಗುಣಾಕಾರವು ಸರಿಯಾಗಿದೆಯೆಂದು ಬರೆದವರಿಲ್ಲ. ಇಂತಹ ಷರಾಗಳನ್ನು ಹತ್ತು ವರ್ಷ ಓದಿಕೊಂಡು ಬೆಳೆದ ಮಗುವು ತನ್ನನ್ನು ಕುರಿತು ಯಾವ ಅಭಿಪ್ರಾಯವನ್ನು ತಾಳುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಪ್ರೌಢವಯಸ್ಸಿನಲ್ಲಿ ಈ ಜನರಲ್ಲಿ ಖಿನ್ನತೆಯೂ ಉದ್ವೇಗವೂ ಇತರರಿಗಿಂತ ಹೆಚ್ಚಾಗಿ ಕಾಣುವುದಕ್ಕೆ ಮಿದುಳಿನ ರಸಾಯನದ ಜೊತೆಗೆ ಈ ಕೆಂಪು ಶಾಯಿಯೂ ಕಾರಣವೆಂದು ನಾನು ನಂಬುತ್ತೇನೆ.

ಶಾಲೆಯ ಪ್ರಸ್ತಾಪದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ತರಗತಿಯಲ್ಲಿ ವಯಸ್ಸಿನಿಂದ ಎಲ್ಲರಿಗಿಂತ ಚಿಕ್ಕದಾದ ಮಗುವಿಗೆ ಈ ದೋಷದ ಹಣೆಪಟ್ಟಿಯನ್ನು ಹಚ್ಚುವುದು ಹೆಚ್ಚೆಂದು ಅನೇಕ ದೇಶಗಳ ದಾಖಲೆಗಳು ತೋರಿಸಿವೆ. ಎಳೆತನವನ್ನೇ ರೋಗವೆಂದು ತಿಳಿಯುವ ಪ್ರಮಾದವದು. ಒಂದನೆಯ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರವು ವಿಧಿಸಿ, ಪೋಷಕರ ಒತ್ತಾಯದ ಮೇರೆಗೆ 2025-26ನೆಯ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿದಾಗ ನಡೆದ ವಾದವಿವಾದದಲ್ಲಿ ಮಗುವಿನ ಒಂದು ವರ್ಷವು ನಷ್ಟವಾಗುವುದೆಂಬ ಕೂಗು ಬಹಳ ಕೇಳಿಬಂದಿತು. ಆ ಏಳು ತಿಂಗಳಲ್ಲಿ ಕುಳಿತುಕೊಳ್ಳುವ ಸಾಮರ್ಥ್ಯವು ಎಷ್ಟು ಬೆಳೆಯುತ್ತದೆಂಬ ಮಾತು ಕೇಳಿಬಂದದ್ದು ಅಪರೂಪ. ಎರಡನೆಯ ಎಚ್ಚರಿಕೆಯು ಹೆಣ್ಣುಮಕ್ಕಳನ್ನು ಕುರಿತದ್ದು. ಚಿಕಿತ್ಸಾಲಯಗಳಿಗೆ ಬರುವವರಲ್ಲಿ ಹುಡುಗರ ಸಂಖ್ಯೆಯು ಹುಡುಗಿಯರಿಗಿಂತ ಹಲವು ಪಟ್ಟು. ಊರಿನಲ್ಲಿ ಎಣಿಸಿದಾಗ ಈ ಅಂತರವು ಕುಗ್ಗುತ್ತದೆ. ವಯಸ್ಕರನ್ನು ಎಣಿಸಿದಾಗ ಮತ್ತಷ್ಟು ಕುಗ್ಗುತ್ತದೆ. ಹುಡುಗಿಯರಿಗೆ ದೊಡ್ಡವರಾದ ಮೇಲೆ ಹೊಸದಾಗಿ ರೋಗವು ಅಂಟಿತೆಂದು ಇದರ ಅರ್ಥವಲ್ಲ. ಅವರು ಕಿಟಕಿಯ ಕಡೆ ನೋಡುತ್ತ ಸುಮ್ಮನೆ ಕುಳಿತಿದ್ದರು; ಯಾರ ಜಡೆಯನ್ನೂ ಎಳೆಯಲಿಲ್ಲ; ಆದುದರಿಂದ ಅವರನ್ನು ಯಾರೂ ಎಲ್ಲಿಗೂ ಕರೆದೊಯ್ಯಲಿಲ್ಲ.

ಹದಿಹರೆಯಕ್ಕೆ ಬರುವ ಹೊತ್ತಿಗೆ ಹುಡುಗರ ಓಟವೂ ತಗ್ಗುತ್ತದೆ. ‘ದೊಡ್ಡವನಾದ ಮೇಲೆ ಸರಿಹೋದ’ ಎಂಬ ನೆಮ್ಮದಿಯ ಕಾಲವಿದು. ಹೊರಗಿನ ಓಟವು ಒಳಗಿನ ಚಡಪಡಿಕೆಯಾಗುತ್ತದೆ. ಮಾರನೆಯ ದಿನದ ಪರೀಕ್ಷೆಯು ಹಿಂದಿನ ರಾತ್ರಿಯವರೆಗೆ ಇಲ್ಲವೇ ಇಲ್ಲವೆಂಬಂತಿರುತ್ತದೆ. ಎಸ್‌ಎಸ್‌ಎಲ್‌ಸಿಯವರೆಗೆ ಅಮ್ಮನು ಪಕ್ಕದಲ್ಲಿ ಕುಳಿತು ನಡೆಸಿಕೊಂಡು ಬಂದ ವಿದ್ಯೆಯು ಪಿಯುಸಿಯಲ್ಲಿ ಒಮ್ಮೆಗೇ ಕುಸಿಯುತ್ತದೆ. ಇದೇ ವಯಸ್ಸಿನಲ್ಲಿ ಕೈಗೆ ದ್ವಿಚಕ್ರವಾಹನವೂ ಬರುತ್ತದೆ. ಸುಮಾರು 19 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಡೆನ್ಮಾರ್ಕಿನ 2015ರ ಅಧ್ಯಯನವೊಂದು, ಈ ದೋಷವಿರುವವರಲ್ಲಿ ಅಕಾಲಮರಣದ ಪ್ರಮಾಣವು ಇಲ್ಲದವರಿಗಿಂತ ಸುಮಾರು ಇಮ್ಮಡಿಯೆಂದೂ, ಅದಕ್ಕೆ ಪ್ರಧಾನ ಕಾರಣವು ಅಪಘಾತಗಳೆಂದೂ ತೋರಿಸಿತು. ಡೆನ್ಮಾರ್ಕಿನ ಶಿಸ್ತಿನ ರಸ್ತೆಗಳಲ್ಲಿಯೇ ಹೀಗಾದರೆ, ಹೆಬ್ಬಾಳದ ಮೇಲುಸೇತುವೆಯ ಕೆಳಗೆ ಐದು ದಿಕ್ಕಿನ ವಾಹನಗಳು ಸೇರುವ ಜಾಗದಲ್ಲಿ ಏನೆಂಬುದನ್ನು ಬಳ್ಳಾರಿ ರಸ್ತೆಯನ್ನು ಬಲ್ಲ ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರೌಢವಯಸ್ಸಿನ ವಿಚಾರವನ್ನು ನಾವಿರುವ ಈ ಉತ್ತರ ಬೆಂಗಳೂರಿನ ಚರಿತ್ರೆಯೊಡನೆ ಸೇರಿಸಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆಂದು ನನಗೆ ತೋರುತ್ತದೆ. ನಾಡಪ್ರಭುಗಳ ಯಲಹಂಕವೂ ಕೆರೆಯ ಹೆಬ್ಬಾಳವೂ ಬಹುಕಾಲ ರಾಗಿ, ತರಕಾರಿ, ದ್ರಾಕ್ಷಿಗಳ ಸೀಮೆಯಾಗಿದ್ದವು. ಬೆಳೆಗೆ ಋತುವು ಗೊತ್ತಿತ್ತು, ನಿಮಿಷವು ಗೊತ್ತಿರಲಿಲ್ಲ. ಜಾಲಹಳ್ಳಿಯಲ್ಲಿ 1954ರಲ್ಲಿ ಬಿಇಎಲ್ ಹುಟ್ಟಿ, ಅದೇ ಪ್ರಾಂತದಲ್ಲಿ ಎಚ್‌ಎಂಟಿಯು ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಕೈಗಡಿಯಾರಗಳನ್ನು ಮಾಡತೊಡಗಿ, 1984ರಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆಯೂ ಬಂದ ಮೇಲೆ ಇಲ್ಲಿಯ ಜನರ ದಿನವು ಸೈರನ್ನಿನ ಲೆಕ್ಕಕ್ಕೆ ಸಿಕ್ಕಿತು. ಆದರೆ ಕಾರ್ಖಾನೆಯ ಕಾಲವು ಹೊರಗಿನಿಂದ ಬರುತ್ತಿತ್ತು: ಸೈರನ್ ಕೂಗುತ್ತಿತ್ತು, ಬಸ್ಸು ಕಾಯುತ್ತಿತ್ತು, ಮೇಸ್ತ್ರಿಯು ಎದುರಿಗಿದ್ದನು, ಕೆಲಸವು ಕೈಗೆ ಸಿಗುವ ವಸ್ತುವಾಗಿತ್ತು. ಯಶವಂತಪುರದ ಮಾರುಕಟ್ಟೆಯ ಅಂಗಳದಲ್ಲಿ ಬೆಳಗಿನ ಜಾವ ಲಾರಿ ಇಳಿಸಿ, ಈರುಳ್ಳಿಯ ಹರಾಜು ಕೂಗಿ, ನಾಲ್ವರೊಡನೆ ಏಕಕಾಲದಲ್ಲಿ ಬೆಲೆ ಮಾತನಾಡುವವನಿಗೆ ಚಡಪಡಿಕೆಯು ದೋಷವೆನಿಸುವುದೇ ಇಲ್ಲ. ಅಲ್ಲಿ ಅದು ಹೊಟ್ಟೆಯ ದಾರಿ. ಈಗ ಮಾನ್ಯತಾ ಟೆಕ್ ಪಾರ್ಕಿನ ಒಂದು ಮೇಜಿನ ಮುಂದೆ ಕುಳಿತವನ ಸ್ಥಿತಿಯನ್ನು ಭಾವಿಸಿರಿ. ಸೈರನ್ನಿಲ್ಲ, ಮೇಸ್ತ್ರಿಯಿಲ್ಲ, ಮೂರು ತಿಂಗಳಾಚೆಗೆ ಒಂದು ಗಡುವಿದೆ, ಅಲ್ಲಿಯವರೆಗಿನ ಕಾಲವನ್ನು ಅವನೇ ತುಂಡುತುಂಡಾಗಿ ಕತ್ತರಿಸಿಕೊಳ್ಳಬೇಕು, ಯಾವುದು ಮೊದಲೆಂದು ಅವನೇ ನಿಶ್ಚಯಿಸಬೇಕು, ಅದಕ್ಕೆ ಅಡ್ಡಬರುವ ಸಂದೇಶಗಳು ನಿಮಿಷನಿಮಿಷಕ್ಕೂ ಅದೇ ಪರದೆಯ ಮೇಲೆಯೇ ಬೀಳುತ್ತವೆ. ಯಾವ ಶಕ್ತಿಯು ಅವನಲ್ಲಿ ಹುಟ್ಟಿನಿಂದ ದುರ್ಬಲವೋ ಆ ಶಕ್ತಿಗೇ ಸಂಬಳವನ್ನು ಕೊಡುವ ಉದ್ಯೋಗವಿದು. ಕಾಲವು ಈಗ, ಈಗಲ್ಲ ಎಂಬ ಎರಡೇ ಭಾಗಗಳಾಗಿ ತೋರುತ್ತದೆಂದು ಈ ಜನರು ಹೇಳಿಕೊಳ್ಳುತ್ತಾರೆ.

ಮನೆಯ ಒಳಗಿನ ಸಂಗತಿಯು ಇನ್ನೂ ಸೂಕ್ಷ್ಮ. ಖಾತೆಯಲ್ಲಿ ಹಣವಿದ್ದೂ ಬೆಸ್ಕಾಂ ಬಿಲ್ಲಿನ ಗಡುವು ತಪ್ಪುತ್ತದೆ. ಗ್ಯಾಸಿನ ಮೇಲಿಟ್ಟ ಹಾಲು ಮೂರು ದಿನಕ್ಕೊಮ್ಮೆ ಉಕ್ಕುತ್ತದೆ. ಹೆಂಡತಿಯು ಹೇಳಿದ ಮಾತಿಗೆ ‘ಹೂಂ’ ಎಂದದ್ದು ನೆನಪಿರುತ್ತದೆ, ಮಾತು ನೆನಪಿರುವುದಿಲ್ಲ. ‘ಮದುವೆ ಮಾಡಿದರೆ ಜವಾಬ್ದಾರಿ ಬರುತ್ತದೆ’ ಎಂಬ ಹಿರಿಯರ ಔಷಧವು ಇಲ್ಲಿ ಜವಾಬ್ದಾರಿಯನ್ನು ಇನ್ನೊಬ್ಬರ ಹೆಗಲಿಗೆ ವರ್ಗಾಯಿಸುತ್ತದೆ, ಅಷ್ಟೆ. ದೋಷವು ಹೆಂಡತಿಯಲ್ಲಿದ್ದರೆ ಈ ವರ್ಗಾವಣೆಯೂ ಅಸಾಧ್ಯ. ಏಕೆಂದರೆ ನೆನಪಿಟ್ಟುಕೊಳ್ಳುವ, ಹೊಂದಿಸುವ, ಸಮಯಕ್ಕೆ ಸರಿಯಾಗಿ ಮುಗಿಸುವ ಕೆಲಸಗಳನ್ನೆಲ್ಲ ನಮ್ಮ ಸಮಾಜವು ಹೆಣ್ಣಿಗೇ ವಹಿಸಿದೆ, ಅವುಗಳಲ್ಲಿ ತಪ್ಪಿದ ಗಂಡಸನ್ನು ಮರೆಗುಳಿಯೆಂದು ನಕ್ಕು ಬಿಡುತ್ತದೆ, ತಪ್ಪಿದ ಹೆಂಗಸನ್ನು ಗೃಹಿಣಿಯೇ ಅಲ್ಲವೆನ್ನುತ್ತದೆ. ಇಂತಹವರಲ್ಲಿ ಅನೇಕರಿಗೆ ತಮ್ಮ ತೊಡಕಿನ ಹೆಸರು ತಿಳಿಯುವುದು ಮಗುವನ್ನು ಪರೀಕ್ಷೆಗೆ ಕರೆತಂದ ದಿನ. ವೈದ್ಯರು ಮಗುವಿನ ವಿಷಯವಾಗಿ ಕೇಳುವ ಪ್ರಶ್ನೆಗಳಿಗೆಲ್ಲ ತಮ್ಮ ಬಾಲ್ಯವೇ ಉತ್ತರ ಕೊಡುತ್ತಿರುವುದನ್ನು ಅವರು ಅಲ್ಲಿ ಕಾಣುತ್ತಾರೆ. ಮಕ್ಕಳಲ್ಲಿ ಸುಮಾರು ಶೇಕಡಾ 5, ವಯಸ್ಕರಲ್ಲಿ ಸುಮಾರು ಶೇಕಡಾ 2.5 ಎಂಬುದು ಲೋಕದ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದವರ ಅಂದಾಜು. ಬಾಲ್ಯದಲ್ಲಿ ಈ ದೋಷವಿದ್ದವರ ಪೈಕಿ 25ನೆಯ ವಯಸ್ಸಿನ ಹೊತ್ತಿಗೆ ಪೂರ್ಣಲಕ್ಷಣಗಳು ಉಳಿಯುವುದು ಸುಮಾರು ಶೇಕಡಾ 15 ಮಂದಿಯಲ್ಲಿ. ಆದರೆ ಬದುಕಿಗೆ ಅಡ್ಡಿಯಾಗುವಷ್ಟು ಶೇಷವು ಸುಮಾರು ಶೇಕಡಾ 65 ಮಂದಿಯಲ್ಲಿ ಉಳಿದಿರುತ್ತದೆಂದು 2006ರ ಒಂದು ಸಮೀಕ್ಷೆಯು ಹೇಳುತ್ತದೆ.

ಚಿಕಿತ್ಸೆಯ ಬಗ್ಗೆ ಅತ್ಯುತ್ಸಾಹವೂ ಬೇಡ, ಅತಿಭಯವೂ ಬೇಡ. ಮುಖ್ಯವಾದ ಔಷಧವು ಮಿಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸಿದ್ಧವಾದ ಇದನ್ನು ನಮ್ಮ ದೇಶದಲ್ಲಿ ಮಾದಕದ್ರವ್ಯಗಳ 1985ರ ಕಾಯಿದೆಯು ಮನಸ್ಸಿನ ಮೇಲೆ ಪರಿಣಾಮ ಬೀರುವ ಪದಾರ್ಥಗಳ ಪಟ್ಟಿಯಲ್ಲಿ ಸೇರಿಸಿದೆ. ಆದಕಾರಣ ವೈದ್ಯರ ಚೀಟಿಯಿಲ್ಲದೆ ದೊರೆಯದು, ಚೀಟಿಯಿದ್ದರೂ ಪ್ರತಿಯೊಂದು ಔಷಧದಂಗಡಿಯಲ್ಲಿ ದೊರೆಯದು. ಆಟಮಾಕ್ಸೆಟಿನ್ ಎಂಬುದು ಉತ್ತೇಜಕವಲ್ಲದ ಇನ್ನೊಂದು ಔಷಧ. ಹಸಿವು ಕುಗ್ಗುವುದು, ನಿದ್ರೆ ತಡವಾಗುವುದು, ಕೆಲವು ಮಕ್ಕಳಲ್ಲಿ ಬೆಳವಣಿಗೆಯು ಕೊಂಚ ನಿಧಾನವಾಗುವುದು ಉಂಟು. ವೈದ್ಯರು ತೂಕವನ್ನೂ ಎತ್ತರವನ್ನೂ ರಕ್ತದೊತ್ತಡವನ್ನೂ ನೋಡುತ್ತಿರಬೇಕು. 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಚ್ಚರದಿಂದ ಹೊಂದಿಸಿದ ಔಷಧವು ಮೂಲಲಕ್ಷಣಗಳನ್ನು ತಗ್ಗಿಸುವುದರಲ್ಲಿ ವರ್ತನೆಯ ತರಬೇತಿಗಿಂತ ಮೇಲೆನಿಸಿತು. ಅದೇ ಮಕ್ಕಳನ್ನು ಮೂರನೆಯ ವರ್ಷದಲ್ಲಿ ನೋಡಿದಾಗ ಗುಂಪುಗಳ ನಡುವೆ ಅಂತರವೇ ಉಳಿದಿರಲಿಲ್ಲ. ಔಷಧವು ಅಂದಂದಿನ ದಿನವನ್ನು ಸುಗಮಮಾಡುತ್ತದೆ; ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆಯುವುದು, ಎದುರಿಗೆ ಬರೆದಿಡುವುದು, ಪ್ರತಿಫಲವನ್ನು ಹತ್ತಿರಕ್ಕೆ ತರುವುದು, ಮುಂದಿನ ಬೆಂಚಿನಲ್ಲಿ ಕೂರಿಸುವುದು, ನಿದ್ರೆ ಆಟಗಳನ್ನು ಕಾಯುವುದು ಇವುಗಳನ್ನು ನಾವೇ ಮಾಡಬೇಕು. ಕೈಫೋನಿನಲ್ಲಿ ಅರ್ಧ ನಿಮಿಷದ ಚಿತ್ರವನ್ನು ನೋಡಿ ತನಗೂ ಇದೇ ಇದೆಯೆಂದು ನಿಶ್ಚಯಿಸಿಕೊಳ್ಳುವ ಹೊಸ ರೂಢಿಯನ್ನೂ ಇಲ್ಲಿಯೇ ಹೇಳಬೇಕು. ನಿದ್ರೆಗೇಡು, ಚಿಂತೆ, ಥೈರಾಯಿಡಿನ ತೊಂದರೆ ಇವು ಕೂಡ ಗಮನವನ್ನು ಕೆಡಿಸುತ್ತವೆ. ಹನ್ನೆರಡರೊಳಗಿನ ಬಾಲ್ಯದ ಸಾಕ್ಷ್ಯವಿಲ್ಲದೆ ಈ ನಿರ್ಣಯಕ್ಕೆ ಬರಲಾಗದು. ಹಳೆಯ ಪ್ರಗತಿಪತ್ರಗಳನ್ನು ತಾಯಂದಿರು ಎತ್ತಿಟ್ಟಿದ್ದರೆ ಅವು ಎಷ್ಟೋ ಪರೀಕ್ಷೆಗಳಿಗಿಂತ ಮಿಗಿಲು.

ಕೊನೆಗೆ ಶಾಸನ ಮತ್ತು ವ್ಯವಸ್ಥೆಯ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ವೈಕಲ್ಯಗಳಲ್ಲಿ ಆಟಿಸಮ್ ಇದೆ, ಕಲಿಕೆಯ ನಿರ್ದಿಷ್ಟ ತೊಡಕು ಇದೆ. ಅವಧಾನದೋಷವನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಇದು ಲೋಪವೆಂದು ನನ್ನ ಅಭಿಪ್ರಾಯ. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಇದರ ಹೆಸರಿದೆ. ಆ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ, ಅನುದಾನಿತ ಶಾಲೆಗಳಿಗೂ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬುದು ನಿಯಮ. ಶಿಕ್ಷಕರಿಗೇ ತರಬೇತಿಯನ್ನಿತ್ತು ಅವರ ಮೂಲಕ ಮಕ್ಕಳನ್ನು ತಲುಪಬೇಕೆಂದು ನಿಮ್ಹಾನ್ಸಿನ ಮಾಳವಿಕಾ ಕಪೂರ್ ಅವರು ದಶಕಗಳ ಹಿಂದೆಯೇ ಶ್ರಮಿಸಿ ಬರೆದಿದ್ದಾರೆ. ಅದಕ್ಕಿಂತ ಒಳ್ಳೆಯ ಮಾರ್ಗವು ನನಗಿನ್ನೂ ಕಂಡಿಲ್ಲ. ನಿಮ್ಹಾನ್ಸ್ ಇರುವ ಹೊಸೂರು ರಸ್ತೆಯವರೆಗೆ ನಗರವನ್ನು ಅಡ್ಡಹಾಯಲಾರದವರು ಮೊದಲ ಮಾತಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸಭೆಯಲ್ಲಿರುವ ಅಧ್ಯಾಪಕರಲ್ಲಿ ನನ್ನದು ಒಂದು ಬೇಡಿಕೆ. ತಪಾಸಣೆಯ ತಂಡವು ಬಂದ ದಿನ, ತರಗತಿಯಲ್ಲಿ ಯಾರನ್ನು ತೋರಿಸಬೇಕೆಂದು ತಮ್ಮನ್ನು ಕೇಳುತ್ತಾರೆ. ಗದ್ದಲ ಮಾಡುವ ಹುಡುಗನ ಹೆಸರನ್ನು ತಾವು ಹೇಗೂ ಬರೆಯುತ್ತೀರಿ. ಕಿಟಕಿಯ ಪಕ್ಕದ ಹುಡುಗಿಯ ಹೆಸರನ್ನೂ ಅದೇ ಹಾಳೆಯಲ್ಲಿ ಬರೆದುಕೊಡಿರಿ.